ಕೆಲಸಕ್ಕೆ ಮರಳುವ ಬಾಣಂತಿಯ ಉಡುಪು

ನಮ್ಮ ಸೀಮೆಯ ಮನೆಗಳಲ್ಲಿ ಬಾಣಂತನವು ಇಂದಿಗೂ ಒಂದು ವ್ರತದಂತೆ ನಡೆಯುತ್ತದೆ. ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಯಾವುದಕ್ಕೂ ಕೊರತೆಯಿರುವುದಿಲ್ಲ. ಆದರೆ ರಜೆ ಮುಗಿದು ಆಕೆ ಕೆಲಸಕ್ಕೆ ಹೊರಡುವ ದಿನ ಏನನ್ನು ಉಟ್ಟು ಹೋಗುವಳೆಂದು ಯಾರೂ ಕೇಳುವುದಿಲ್ಲ. ಮದುವೆಯ ಕಾಲದಲ್ಲಿ ಹೊಲಿಸಿದ ರವಿಕೆಯೊಳಗೆ ಆಕೆ ಹೇಗೋ ಮೈ ತೂರಿಸಿಕೊಳ್ಳುತ್ತಾಳೆ. ವೈದ್ಯನಿಗೆ ಈ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಆ ಬಿಗಿ ರವಿಕೆಯ ಫಲವು ಕೊನೆಗೆ ನಮ್ಮ ಚಿಕಿತ್ಸಾಲಯಕ್ಕೇ ಬರುವುದರಿಂದ ಹೇಳಬೇಕಾಗಿದೆ.

ಬೆಳಗಿನ ಹೊತ್ತು ಚನ್ನಪಟ್ಟಣ, ರಾಮನಗರಗಳ ರೈಲು ನಿಲ್ದಾಣಗಳಲ್ಲಿ, ಕನಕಪುರ, ಮಾಗಡಿಗಳ ಬಸ್ ನಿಲ್ದಾಣಗಳಲ್ಲಿ ನಿಂತು ನೋಡಿದರೆ ಎಷ್ಟೊಂದು ಹೆಣ್ಣುಮಕ್ಕಳು ದುಡಿಮೆಗೆ ಹೊರಟಿರುತ್ತಾರೆಂಬುದು ತಿಳಿಯುತ್ತದೆ. ಶಿಕ್ಷಕಿಯರು, ಕಚೇರಿಯ ನೌಕರರು, ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವವರು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ಆವಿಯ ಮುಂದೆ ದಿನವಿಡೀ ಕೂರುವವರದು ಇನ್ನೊಂದು ಲೋಕ. ಮಾತೃತ್ವ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತು. ಸಣ್ಣ ಘಟಕಗಳಲ್ಲಿ ದಿನಗೂಲಿಗೆ ದುಡಿಯುವವರಿಗೆ ಅದು ದೊರೆಯುವುದು ವಿರಳ. ಅವರಲ್ಲಿ ಅನೇಕರು ಎರಡು ಮೂರು ತಿಂಗಳಿಗೇ ಮರಳುತ್ತಾರೆ. ವಿದೇಶದವರಿಗೆ ಎಲ್ಲ ಅಳತೆಯ ಅಂಗಿಗಳನ್ನೂ ಹೊಲಿದುಕೊಡುವ ಕೈಗಳಿಗೆ ತಮ್ಮ ಅಳತೆಯ ಒಂದು ರವಿಕೆ ಇರುವುದಿಲ್ಲವೆಂಬುದು ನಮಗೆ ಸದಾ ಸೋಜಿಗವೆನಿಸಿದೆ.

ಗರ್ಭಾಶಯವು ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರಗಳು ಬೇಕು. ಸುಶ್ರುತರು ಸೂತಿಕೆಗೆ ಒಂದೂವರೆ ತಿಂಗಳ ಪಥ್ಯವನ್ನು ಹೇಳಿರುವುದೂ ಇದಕ್ಕೆ ಹೊಂದುತ್ತದೆ. ಆದರೆ ಧಾತುಗಳು ಪೂರ್ವಸ್ಥಿತಿಗೆ ಮರಳಲು ಕಾಶ್ಯಪ ಸಂಹಿತೆಯು ಆರು ತಿಂಗಳೆನ್ನುತ್ತದೆ. ಸಡಿಲವಾದ ಹೊಟ್ಟೆಯ ಸ್ನಾಯುಗಳು, ಅಗಲವಾದ ಸೊಂಟ, ಹಾಲು ತುಂಬಿದ ಎದೆ ಇವೆಲ್ಲ ಅಷ್ಟರೊಳಗೆ ಹಳೆಯ ಅಳತೆಗೆ ಬಂದೇ ಬರುವುವೆಂಬ ನಿಯಮವಿಲ್ಲ. ಹಲವರಿಗೆ ವರ್ಷವೂ ಹಿಡಿಯುತ್ತದೆ. ಎದೆಯ ಅಳತೆಯಂತೂ ಒಂದೇ ದಿನದಲ್ಲಿ, ಮಗುವಿಗೆ ಕುಡಿಸುವ ಮುನ್ನ ಒಂದು, ಕುಡಿಸಿದ ಮೇಲೆ ಇನ್ನೊಂದು.

ಇಂತಹ ಮೈಯನ್ನು ಬಿಗಿ ರವಿಕೆಯಲ್ಲಿ ಎಂಟು ಹತ್ತು ತಾಸು ಅದುಮಿಟ್ಟರೆ ಹಾಲು ಹರಿಯುವ ನಾಳಗಳು ಒತ್ತಲ್ಪಟ್ಟು ಹಾಲು ಕಟ್ಟುತ್ತದೆ. ಗಂಟಾಗಿ, ಕೆಂಪಾಗಿ, ಜ್ವರ ಬಂದು, ನಿರ್ಲಕ್ಷಿಸಿದರೆ ಸ್ತನವಿದ್ರಧಿಯಾಗಿ ಕೀವು ತುಂಬುವುದೂ ಉಂಟು. ನೋವಿಗೆ ಹೆದರಿ ತಾಯಿಯು ಹಾಲು ಬಿಡಿಸುತ್ತಾಳೆ. ಹಾಲು ನಿಂತಷ್ಟೂ ಉತ್ಪತ್ತಿ ಇಳಿಯುತ್ತದೆ. ಆರು ತಿಂಗಳವರೆಗೆ ಎದೆಹಾಲೊಂದನ್ನೇ ಉಣ್ಣಬೇಕಾದ ಶಿಶುವಿನ ಬಾಯಿಗೆ ಸೀಸೆ ಬರುತ್ತದೆ. ಇದಕ್ಕಿಂತಲೂ ನಮಗೆ ಭಯ ಹುಟ್ಟಿಸುವುದು ಹಳೆಯ ಬಟ್ಟೆಗೆ ಮೈಯನ್ನು ಹೊಂದಿಸಲೆಂದು ರಾತ್ರಿಯ ಊಟ ಬಿಡುವ ತಾಯಂದಿರ ಹಟ. ಹಾಲೂಡುವವಳಿಗೆ ಲಂಘನವು ಸಲ್ಲದು. ಬಟ್ಟೆಯು ಮೈಗೆ ಹೊಂದಬೇಕು.

ಹೆಚ್ಚು ಖರ್ಚೇನೂ ಬೇಡ. ಮೂರು ಹತ್ತಿಯ ರವಿಕೆಗಳು ಸಾಕು: ಒಂದು ಮೈಮೇಲೆ, ಒಂದು ಒಣಗುವ ಹಗ್ಗದ ಮೇಲೆ, ಒಂದು ಚೀಲದಲ್ಲಿ. ಹಾಲು ಸೋರಿ ಬಟ್ಟೆ ನೆನೆಯುವ ಮುಜುಗರಕ್ಕೇ ಕೆಲಸ ಬಿಟ್ಟವರುಂಟಾದ್ದರಿಂದ ಮೂರನೆಯದು ಅನಿವಾರ್ಯ. ಕೊಕ್ಕೆಗಳು ಮುಂದಿರಲಿ, ಎರಡು ಸಾಲಿರಲಿ. ಇಕ್ಕೆಲದ ಒಳಹೊಲಿಗೆಯಲ್ಲಿ ಎರಡೆರಡು ಅಂಗುಲ ಬಟ್ಟೆ ಬಿಡುವಂತೆ ದರ್ಜಿಗೆ ಹೇಳಬೇಕು. ಮೈ ಇಳಿದಂತೆ ಹಿಡಿಸಿಕೊಳ್ಳಬಹುದು, ಮುಂದಿನ ಬಸುರಿಗೆ ಬಿಚ್ಚಿಕೊಳ್ಳಲೂಬಹುದು. ಹಳೆಯ ಹತ್ತಿ ಸೀರೆಯೊಂದರಲ್ಲಿ ಮುಂದೆ ಗುಂಡಿಯಿರುವ ಎರಡು ಸಡಿಲ ಕುರ್ತಾಗಳು ಆಗುತ್ತವೆ. ಚೂಡಿದಾರಕ್ಕೆ ಹಿರಿಯರು ಮೂಗು ಮುರಿಯುವುದನ್ನು ಕಂಡಿದ್ದೇವೆ; ಬಸ್ಸಿನ ನೂಕುನುಗ್ಗಲಿನಲ್ಲಿ ಒದ್ದಾಡುವವರು ಅವರಲ್ಲವಷ್ಟೆ. ಎದೆಗಿಡುವ ಒತ್ತುಬಟ್ಟೆಗೆ ಅಜ್ಜನ ಹಳೆಯ ಪಂಚೆಗಿಂತ ಮಿಗಿಲಾದುದಿಲ್ಲ. ಅದನ್ನು ಅಂಗೈಯಗಲ ಕತ್ತರಿಸಿ, ನಾಲ್ಕು ಪದರ ಹೊಲಿದು, ತೊಳೆದು ಬಿಸಿಲಿಗೆ ಒಣಗಿಸಬೇಕು. ನೈಲಾನ್, ಪಾಲಿಯೆಸ್ಟರ್‌ಗಳನ್ನು ಈ ಕಾಲದಲ್ಲಿ ದೂರವಿಡುವುದು ಲೇಸು. ಆವಿಯ ಮುಂದೆ ಕೂರುವವರಿಗಂತೂ ಬೆವರುಸಾಲೆ ತಪ್ಪದು. ಅವರು ಘಟಕದ ಬಟ್ಟೆಯನ್ನು ಬದಲಿಸಿ, ಕೈ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು.

ಶಸ್ತ್ರಕ್ರಿಯೆಯ ಹೆರಿಗೆಯಾದವರಿಗೆ ಲಂಗದ ಲಾಡಿಯು ಹೊಲಿಗೆಯ ಗಾಯದ ಮೇಲೆ ಉಜ್ಜದಂತೆ ಅಗಲವಾದ ಪಟ್ಟಿಯಿರಬೇಕು, ಗಾಯಕ್ಕಿಂತ ಮೇಲೆ ಕಟ್ಟಬೇಕು. ಹೊಟ್ಟೆ ಕಾಣದಿರಲೆಂದು ಪೇಟೆಯಿಂದ ತಂದ ರಬ್ಬರ್ ಪಟ್ಟಿಯನ್ನು ಬಿಗಿದು ಕಚೇರಿಯಲ್ಲಿ ಕೂರುವವರು ಚರಕರ ಹೆಸರು ಹೇಳುತ್ತಾರೆ. ಚರಕರು ಹೇಳಿದ್ದು ಪ್ರಸವಾನಂತರ ಸ್ನೇಹಾಭ್ಯಂಗದ ಮೇಲೆ ಶುಭ್ರವಾದ ಅಗಲ ಬಟ್ಟೆಯನ್ನು ಹೊಟ್ಟೆಗೆ ಸುತ್ತುವುದನ್ನು. ಅದು ವಾತವು ಕೆರಳದಿರಲೆಂಬ ಆಸರೆ. ಉಸಿರು ಕಟ್ಟುವ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಹಣದ ಮಾತು. ಮಗಳನ್ನು ತವರಿನಿಂದ ಕಳುಹಿಸುವಾಗ ಮಡಿಲು ತುಂಬಿ ರೇಷ್ಮೆ ಸೀರೆ ಕೊಡುವುದು ರೇಷ್ಮೆಯ ಈ ನಾಡಿನಲ್ಲಿ ಸಹಜವೇ. ಆದರೆ ಆ ಸೀರೆಯು ಬೀರುವಿನಲ್ಲಿ ಮಲಗುತ್ತದೆ, ಮಗಳು ಬಿಗಿ ರವಿಕೆಯಲ್ಲಿ ಬಸ್ಸು ಹತ್ತುತ್ತಾಳೆ. ಶಾಸ್ತ್ರಕ್ಕೆ ಒಂದು ಕಣವಿಟ್ಟು, ಉಳಿದ ಹಣದಲ್ಲಿ ಎರಡು ಹತ್ತಿ ಸೀರೆ, ಮೂರು ರವಿಕೆ, ಎರಡು ಒಳಲಂಗಗಳನ್ನು ಆಕೆಯ ಈಗಿನ ಅಳತೆಗೆ ಹೊಲಿಸಿ ಕೊಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಳತೆಯನ್ನು ಕೆಲಸಕ್ಕೆ ಸೇರುವ ಹದಿನೈದು ದಿನ ಮುಂಚೆ, ಹಾಲು ತುಂಬಿರುವ ಹೊತ್ತಿನಲ್ಲಿ ಕೊಡಬೇಕು.

ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವು ಕಾನೂನಿನಲ್ಲಿದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರವೂ ಇರಬೇಕು. ಘಟಕ, ಶಾಲೆ, ಅಂಗಡಿಗಳನ್ನು ನಡೆಸುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಸಮವಸ್ತ್ರವಿರುವ ಕಡೆ ಬಾಣಂತಿಗೆ ಒಂದು ವರ್ಷ ಸಡಿಲ ಉಡುಪಿಗೆ ಅವಕಾಶ ಕೊಟ್ಟು, ಬಾಗಿಲಿಗೆ ಚಿಲಕವಿರುವ ಒಂದು ಕೋಣೆಯನ್ನು ಬಿಟ್ಟುಕೊಡಲು ಅವರಿಗೆ ಹೆಚ್ಚೇನೂ ತಗಲದು. ವರ್ಷ ಕಳೆದ ಮೇಲೆ ಆ ರವಿಕೆ ಕುರ್ತಾಗಳನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ, ಬೀದಿಯ ಇನ್ನೊಬ್ಬ ಬಾಣಂತಿಗೆ ಕೊಡಬಹುದು. ಒಳಹೊಲಿಗೆಯ ಬಟ್ಟೆ ಇದ್ದೇ ಇರುವುದರಿಂದ ಆಕೆಯ ಅಳತೆಗೂ ಬರುತ್ತದೆ.