ಒಗೆಯುವ ಕಲ್ಲೇ ಒರೆಗಲ್ಲಾಗಲಿ

ಬಟ್ಟೆಯ ಮೇಲೆ ಹೂಬಳ್ಳಿಗಳನ್ನು ಅಚ್ಚೊತ್ತುವ ಕಲೆ ನಮಗೆ ಹೊಸದಲ್ಲ. ಅದೇ ಬಗೆಯಲ್ಲಿ ವಿದ್ಯುತ್ತಿನ ಹಾದಿಗಳನ್ನೂ ಅಚ್ಚೊತ್ತಬಹುದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಹೃದಯದ ವಿದ್ಯುತ್ ಸಂಕೇತಗಳನ್ನು ಗ್ರಹಿಸುವ ಅಂಗಿಗಳನ್ನು ಈ ವಿಧಾನದಿಂದ ಸಿದ್ಧಪಡಿಸಬಹುದಾಗಿದೆ. ಪ್ರದರ್ಶನದ ಮೇಜಿನ ಮೇಲೆ ಇಂಥ ಬಟ್ಟೆಯನ್ನು ಕಂಡು ಬೆರಗಾಗುವುದು ಸಹಜವೇ. ಆದರೆ ಬಟ್ಟೆಯೆಂಬ ಹೆಸರನ್ನು ಪಡೆದ ಮೇಲೆ ಅದು ಒಗೆತವನ್ನು ತಾಳಲೇಬೇಕೆಂಬುದು ನಮ್ಮ ವಾದ.

ಅಚ್ಚೊತ್ತುವ ಕ್ರಮ ಸರಳವಾದುದು. ಬೆಳ್ಳಿಯ ಅತಿ ಸಣ್ಣ ಚಕ್ಕೆಗಳನ್ನು ರಬ್ಬರಿನಂತೆ ಹಿಗ್ಗಬಲ್ಲ ಅಂಟಿನಲ್ಲಿ ಕಲಸಿ ಶಾಯಿ ಮಾಡುತ್ತಾರೆ. ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಅದನ್ನು ಬಟ್ಟೆಯ ಮೇಲೆ ಒತ್ತಿ, ಕಾಯಿಸಿ ಗಟ್ಟಿಗೊಳಿಸುತ್ತಾರೆ. ತಾಮ್ರವು ಅಗ್ಗವೇನೋ ಹೌದು. ಆದರೆ ಅದರ ಕಣಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ವಾಹಕತ್ವವನ್ನು ಕಳೆದುಕೊಳ್ಳುತ್ತವೆ. ಆದುದರಿಂದಲೇ ಬೆಳ್ಳಿಗೆ ಮನ್ನಣೆ. ಒಂದು ಚಕ್ಕೆ ಇನ್ನೊಂದನ್ನು ಮುಟ್ಟಿಕೊಂಡಿರುವವರೆಗೆ ವಿದ್ಯುತ್ತು ಹರಿಯುತ್ತದೆ.

ಈಗ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. 1 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದವಿರುವ ಗೆರೆಯನ್ನು ಸಾಲಾಗಿ ಜೋಡಿಸಿದ 100 ಚೌಕಗಳೆಂದು ಭಾವಿಸಬಹುದು. ಒಂದೊಂದು ಚೌಕದ ರೋಧ 0.1 ಓಮ್ ಆದರೆ ಇಡೀ ಗೆರೆಯ ರೋಧ 10 ಓಮ್. ಆದರೆ ಒಂದೇ ಒಂದು ಚೌಕವು ಅಡ್ಡಲಾಗಿ ಪೂರ್ತಿ ಸೀಳಿದರೂ ಸಾಕು, ಉಳಿದ 99 ಚೌಕಗಳು ಇದ್ದೂ ಇಲ್ಲದಂತೆ.

ಇಂಥ ಸೀಳಿಗೆ ಒಗೆತದಲ್ಲಿ ಅವಕಾಶ ಹೇರಳ. ಹತ್ತಿಯ ನೂಲು ನೀರಿನಲ್ಲಿ ಉಬ್ಬುತ್ತದೆ, ಹಿಂಡಿದಾಗ ತಿರುಚಿಕೊಳ್ಳುತ್ತದೆ, ಚಕ್ಕೆಗಳು ಒಂದನ್ನೊಂದು ಅಗಲುತ್ತವೆ. ಇದಕ್ಕಾಗಿ ಗೆರೆಯ ಕೆಳಗೂ ಮೇಲೂ ಪಾಲಿಯುರಿಥೇನಿನ ಪದರವನ್ನು ಕೊಡುವುದುಂಟು. ಕೆಳಗಿನ ಪದರವು ಶಾಯಿ ನೂಲಿನ ಸಂದುಗಳಲ್ಲಿ ಇಂಗುವುದನ್ನು ತಡೆಯುತ್ತದೆ. ಮೇಲಿನದು ನೀರು ಮತ್ತು ಉಜ್ಜಾಟದಿಂದ ಕಾಪಾಡುತ್ತದೆ. ಆದರೆ ಪದರ ದಪ್ಪವಾದಷ್ಟೂ ಬಟ್ಟೆ ಪೆಡಸಾಗುತ್ತದೆ, ಅದರಡಿಯ ಬೆವರು ಆರದು.

ಇಂಥ ಉಡುಪನ್ನು ಮೃದುವಾಗಿ ತೊಳೆದರಾಯಿತೆಂದು ಕೆಲವರು ಹೇಳಬಹುದು. ಅದು ನಮಗೆ ಒಪ್ಪಿಗೆಯಿಲ್ಲ. ರೋಗಿಯ ಅಂಗಿಗಿಂತ ಹೆಚ್ಚಾಗಿ ಒಗೆಯಬೇಕಾದ ಅಂಗಿ ಯಾವುದಿದೆ? ಅದರ ಗೆರೆ ಅರ್ಧ ಬಿರಿದರೆ ಹೃದಯದ ದಾಖಲೆಯೇ ಕೆಟ್ಟು ವೈದ್ಯರ ನಿರ್ಣಯ ತಪ್ಪಬಹುದು. ಪೂರ್ತಿ ಕೆಟ್ಟ ಸಾಧನಕ್ಕಿಂತ ಸುಳ್ಳು ಹೇಳುವ ಸಾಧನ ಹೆಚ್ಚು ಅಪಾಯಕರವಲ್ಲವೆ?

ಕ್ರೀಡೆ ಮತ್ತು ವಿರಾಮದ ಎಲೆಕ್ಟ್ರಾನಿಕ್ ಉಡುಪುಗಳ ಒಗೆತದ ಬಾಳಿಕೆಯನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 2021ರಲ್ಲಿ ಮಾನಕವೊಂದನ್ನು ಪ್ರಕಟಿಸಿತು. ಇದು ಸರಿಯಾದ ಹೆಜ್ಜೆ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಟ್ಟೆಯನ್ನು ಇಂದಿಗೂ ಕಲ್ಲಿನ ಮೇಲೆ ಕುಕ್ಕಿ, ಬಲವಾಗಿ ಹಿಂಡಿ, ಬಿಸಿಲಿನಲ್ಲಿ ಹರವುತ್ತಾರೆ. ನಮ್ಮ ಜನ ತೊಡಬೇಕಾದ ಉಡುಪಿನ ಪರೀಕ್ಷೆ ಈ ಕಲ್ಲಿನ ಮೇಲೂ ನಡೆಯಬೇಕು.

ಹೊಸ ಬಟ್ಟೆಯೊಂದರ ಸುದ್ದಿಯನ್ನು ಓದಿದಾಗ ನಮ್ಮ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಕೇಳಲಿ: ಅದನ್ನು ಎಷ್ಟು ಸಲ ಒಗೆದು ನೋಡಿದ್ದಾರೆ? ಒಗೆಯುವ ಮೊದಲು ರೋಧ ಎಷ್ಟಿತ್ತು, ಅನಂತರ ಎಷ್ಟಾಯಿತು? ಉತ್ತರ ದೊರೆಯದಿದ್ದರೆ ಆ ಬಟ್ಟೆ ಇನ್ನೂ ಪ್ರಯೋಗಶಾಲೆಯಿಂದ ಹೊರಗೆ ಬಂದಿಲ್ಲವೆಂದೇ ತಿಳಿಯಬೇಕು.