ಅಮ್ಮಿನಬಾವಿಯ ನೀರು ಯಾರ ಪಾಲಿಗೆ?

‘ನಿಮ್ಮ ಕಡೆ ನೀರು ಬಂದಾವೇನ್ರಿ?’ ಧಾರವಾಡದಲ್ಲಿ ಬೆಳಗಿನ ಮೊದಲ ಮಾತು ಇದೇ. ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ, ಕೆಲವು ಸಲ ಹತ್ತು ದಿನಕ್ಕೊಮ್ಮೆ. ರಾತ್ರಿ ಎರಡಕ್ಕೆ ಬರುತ್ತದೋ ಮಧ್ಯಾಹ್ನ ಮೂರಕ್ಕೋ, ಹೇಳುವವರಿಲ್ಲ. ಎದುರುಮನೆಯ ಅಜ್ಜಿ ನೀರಿನ ದಿನ ಮಗಳ ಮನೆಗೂ ಹೋಗುವುದಿಲ್ಲ. ನಲ್ಲಿ ಮೊದಲು ಬುಸ್ ಎಂದು ಗಾಳಿ ಬಿಡುತ್ತದೆ, ಆಮೇಲೆ ಕೆಂಪು ನೀರು. ಅದನ್ನು ಗಿಡಕ್ಕೆ ಹಾಕಿ, ತಿಳಿಯಾಗುವವರೆಗೆ ಕಾದು, ಬ್ಯಾರಲ್ಲು, ಹಂಡೆ, ಕೊಡ, ಕಡೆಗೆ ತಂಬಿಗೆಗಳನ್ನೂ ಆಕೆ ತುಂಬಿಡುತ್ತಾರೆ. ದಿನಗಟ್ಟಲೆ ಖಾಲಿ ಬಿದ್ದ ಪೈಪು ಬಿರುಕು ಬಿಟ್ಟ ಜಾಯಿಂಟುಗಳಿಂದ ಗಟಾರದ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಪ್ಪತ್ತು ದಾಟಿದ ಆ ಹೆಂಗಸಿಗೆ ಇದನ್ನು ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿಲ್ಲ.

ಇಂಥ ಊರಿಗೆ ಈಗ ಪ್ರತ್ಯೇಕ ಮಹಾನಗರ ಪಾಲಿಕೆ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದೇ ಪಾಲಿಕೆಯಡಿ ತಂದರು. 2025ರ ಜನವರಿಯಲ್ಲಿ ಸಚಿವ ಸಂಪುಟ ಅದನ್ನು ಒಡೆಯಲು ಒಪ್ಪಿತು. 82 ವಾರ್ಡುಗಳಲ್ಲಿ 26 ಧಾರವಾಡಕ್ಕೆ. ನಾವು ಕಟ್ಟಿದ ತೆರಿಗೆಯ ಹಣ ಹುಬ್ಬಳ್ಳಿ ಕಡೆಗೇ ಹರಿಯುತ್ತದೆ ಎಂಬ ಹಳೆಯ ಕೊರಗಿಗೆ ಸಿಕ್ಕ ಜಯವೆಂದು ಊರಲ್ಲಿ ಪೇಡೆ ಹಂಚಿದವರಿದ್ದಾರೆ. ನಾನೂ ಈ ಬೇಡಿಕೆಯ ಪರವಾಗಿಯೇ ಇದ್ದವನು, ಈಗಲೂ ಇದ್ದೇನೆ. ಆದರೆ ಹೊಸ ಪಾಲಿಕೆಗೆ ಆಳಲು ಏನು ಉಳಿದಿದೆ ಎಂದು ಯಾರೂ ಕೇಳುತ್ತಿಲ್ಲವಲ್ಲ, ಅದು ನನಗೆ ದಿಗಿಲು ಹುಟ್ಟಿಸುತ್ತದೆ.

ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿ-ಧಾರವಾಡ ನಡುವಿನ ಮುಖ್ಯ ರಸ್ತೆಯಲ್ಲಿ ಚಿಗರಿ ಬಸ್ಸು ಓಡಿಸಲು ಒಂದು ಕಂಪನಿ. ಸ್ಮಾರ್ಟ್ ಸಿಟಿಯ ಹಣಕ್ಕೆ ಇನ್ನೊಂದು. ನೀರು ಎರಡು ದಶಕಗಳ ಹಿಂದೆಯೇ ಪಾಲಿಕೆಯ ಕೈಬಿಟ್ಟು ಜಲಮಂಡಳಿಗೆ ಹೋಯಿತು, ಅಲ್ಲಿಂದ ಖಾಸಗಿ ಕಂಪನಿಗೆ. ಮಳೆಗಾಲದಲ್ಲಿ ಟೋಲ್ ನಾಕಾದಲ್ಲಿ ಮೊಣಕಾಲುಮಟ್ಟ ನೀರು ನಿಂತಾಗ ಬೈಗುಳ ತಿನ್ನುವವರು ಮಾತ್ರ ವಾರ್ಡಿನ ಕಾರ್ಪೊರೇಟರು. ‘ಅದು ನಮ್ಮ ಕೈಯಾಗ ಇಲ್ರೀ’ ಎಂದು ಅವರು ಹೇಳಿದರೆ ಅದು ನುಣುಚಿಕೊಳ್ಳುವ ಮಾತೆಂದು ನಾವು ತಿಳಿಯುತ್ತೇವೆ. ಆದರೆ ಬಹಳ ಮಟ್ಟಿಗೆ ಅವರ ಮಾತು ನಿಜ. ಒಂದೇ ವರ್ಷಕ್ಕೆ ಕುರ್ಚಿ ಬಿಡುವ ಮೇಯರರ ಕೈಯಲ್ಲಂತೂ ಏನಿರಲು ಸಾಧ್ಯ?

ನೀರಿನ ಕರಾರು ಆದ ಹೊತ್ತನ್ನೂ ನೆನಪಿಡಬೇಕು. 2019ರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಮುಂದಿನ ಮತದಾನ 2021ರ ಸೆಪ್ಟೆಂಬರಿನಲ್ಲಿ. ಗೆದ್ದವರು ಮೇಯರ್ ಆಯ್ಕೆಗೆ 2022ರ ಮೇ ತಿಂಗಳ ತನಕ ಕಾದರು. ಮೂರು ವರ್ಷ ಊರನ್ನು ಆಡಳಿತಾಧಿಕಾರಿಗಳು ನಡೆಸಿದರು, ಇಡೀ ಅವಳಿನಗರದ ನೀರು ಸರಬರಾಜನ್ನು ಕಂಪನಿಗೆ ಒಪ್ಪಿಸುವ ತೀರ್ಮಾನ ಆದದ್ದು ಆಗಲೇ. ಮುಂದೆ ಜಲಮಂಡಳಿಯ ಗುತ್ತಿಗೆ ನೌಕರರು ಕೆಲಸ ಕಳೆದುಕೊಂಡು ಧರಣಿ ಕೂತರು. ಯಾವ ಓಣಿಯ ವಾಲ್ವು ಎಲ್ಲಿದೆ, ಎಷ್ಟು ತಿರುವಿದರೆ ಎತ್ತರದ ಮನೆಗೆ ನೀರು ಏರುತ್ತದೆ ಎಂಬುದು ಗೊತ್ತಿದ್ದವರೇ ಅವರು.

ಕಾರ್ಪೊರೇಟರ ಕೈಗೆ ವಾಲ್ವು ಕೊಟ್ಟರೆ ತಮ್ಮವರ ಮನೆಗೇ ನೀರು ಬಿಡುತ್ತಾರೆ, ಕಂಪನಿಯೇ ವಾಸಿ ಎನ್ನುವವರಿದ್ದಾರೆ. ಅವರು 2008ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಇಲ್ಲಿಯೂ ಬೆಳಗಾವಿ, ಕಲಬುರಗಿಗಳಲ್ಲಿಯೂ ಆಯ್ದ ಕೆಲವು ವಾರ್ಡುಗಳಿಗೆ ಬಂದ ದಿನದ 24 ಗಂಟೆ ನೀರನ್ನು ತೋರಿಸುತ್ತಾರೆ. ಆ ಕೆಲಸ ಒಳ್ಳೆಯದೇ ಆಗಿತ್ತು. ಹೊಸ ಪೈಪು, ಮೀಟರು, ಸೋರಿಕೆಗೆ ತಡೆ, ಎಲ್ಲ ಸರಿಯಾಗಿ ಮಾಡಿದರು. ಅಲ್ಲಿಯ ಹೆಂಗಸರು ಹಂಡೆಗಳನ್ನು ಅಟ್ಟಕ್ಕೇರಿಸಿದರು. ಆದರೆ ಪಕ್ಕದ ಓಣಿ ಅಂದಿನಿಂದಲೂ ಕಾಯುತ್ತಲೇ ಇದೆ. ಅದನ್ನು ವಿಸ್ತರಿಸಲು ತಡಮಾಡಿದವರು ಯಾರು? ಕಂಪನಿಯನ್ನು ಕೇಳಿದರೆ ಕರಾರು ತೋರಿಸುತ್ತದೆ, ಮಂಡಳಿ ಬೆಂಗಳೂರಿನತ್ತ ಕೈ ತೋರಿಸುತ್ತದೆ. ತಮ್ಮವರಿಗೆ ನೀರು ಬಿಡುವ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆಯಾದರೂ ಮನೆಗೆ ಕಳಿಸಬಹುದು. ಇವರಲ್ಲಿ ಯಾರನ್ನು ಕಳಿಸುವುದು? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಲ್ಲಿ ಕುಡಿಯುವ ನೀರನ್ನೂ ಸೇರಿಸಿದೆ. ಪಟ್ಟಿ ಇದೆ, ನೀರು ಮಾತ್ರ ಪಾಲಿಕೆಗೆ ಮರಳಿ ಬಂದಿಲ್ಲ.

ವಿಂಗಡಣೆಯ ಅಪಾಯ ಇಲ್ಲಿಯೇ ಇದೆ. ಸವದತ್ತಿಯ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಎರಡೂ ಊರುಗಳಿಗೆ ಹರಿಯುತ್ತದೆ. ಹುಬ್ಬಳ್ಳಿಯ ಇನ್ನೊಂದು ಆಸರೆಯಾದ ನೀರಸಾಗರ ಮಳೆ ಕೈಕೊಟ್ಟ ವರ್ಷ ಒಣಗಿಬಿಡುತ್ತದೆ. ಪಾಲಿಕೆ ಎರಡಾದರೂ ನೀರಿನ ಮೂಲ ಎರಡಾಗುವುದಿಲ್ಲ. ಇಬ್ಬರ ಜಗಳ ಬೇಡವೆಂಬ ನೆಪದಲ್ಲಿ ಅಮ್ಮಿನಬಾವಿಯನ್ನು ಮತ್ತೊಂದು ಪ್ರಾಧಿಕಾರಕ್ಕೋ ಕಂಪನಿಗೋ ಬರೆದುಕೊಟ್ಟರೆ, ನಮ್ಮ 26 ವಾರ್ಡುಗಳ ಸದಸ್ಯರು ಬೀದಿದೀಪ ಮತ್ತು ಗಟಾರಗಳಿಗಷ್ಟೇ ಯಜಮಾನರಾಗುತ್ತಾರೆ.

ಎರಡೂ ಪಾಲಿಕೆಗಳ ಚುನಾಯಿತ ಸದಸ್ಯರೇ ಕೂತು ನಡೆಸುವ ಜಂಟಿ ಸಮಿತಿಗೆ ಅಮ್ಮಿನಬಾವಿಯನ್ನು ಒಪ್ಪಿಸಲಿ. ಕಂಪನಿಯ ಕರಾರನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಸಾಮಾನ್ಯ ಸಭೆಯ ಮುಂದಿಡಲಿ. ಪ್ರತಿ ವಾರ್ಡಿನ ನೀರಿನ ದಿನ ಮತ್ತು ಗಂಟೆಯನ್ನು ಓಣಿಯ ಗೋಡೆಯ ಮೇಲೆ ಬರೆಸಲಿ, ತಪ್ಪಿದರೆ ಎಂಜಿನಿಯರು ವಾರ್ಡ್ ಸಮಿತಿಯ ಮುಂದೆ ನಿಂತು ಕಾರಣ ಹೇಳಲಿ. ಆಸ್ತಿ ಹಂಚಿಕೆಯ ಪಟ್ಟಿ ಸಿದ್ಧವಾದಾಗ ಅದರಲ್ಲಿ ಕಟ್ಟಡ, ಲಾರಿ, ನೌಕರರ ಲೆಕ್ಕವೆಲ್ಲ ಇರುತ್ತದೆ. ನಮ್ಮ ಕಾರ್ಪೊರೇಟರು ಸಹಿ ಹಾಕುವ ಮೊದಲು ಅಮ್ಮಿನಬಾವಿಯ ಹೆಸರು ಯಾವ ಪುಟದಲ್ಲಿದೆ, ಯಾರ ಪಾಲಿಗಿದೆ ಎಂದು ಹುಡುಕಬೇಕು.