ಪಾದೂರಿನ ಹಗೇವು



ಹೋದ ವಾರ ಮಂಗಳೂರಿನಿಂದ ಮೊಮ್ಮಗ ಫೋನ್ ಮಾಡಿದ್ದ. "ಅಜ್ಜಾ, ಪಾದೂರಿನಲ್ಲಿ ನೆಲದೊಳಗೆ ಕಚ್ಚಾತೈಲ ತುಂಬಿಟ್ಟಿದ್ದಾರಂತೆ, ಹೌದಾ?"

"ಹೌದೋ ಪುಟ್ಟಾ, ನಮ್ಮ ಹಗೇವು ಇದ್ದ ಹಾಗೆ" ಎಂದೆ. ಹಗೇವು ಅಂದರೇನು ಎಂದು ಮರುಪ್ರಶ್ನೆ ಬಂತು!

ಉತ್ತರ ಕರ್ನಾಟಕದ ಅಜ್ಜ-ಅಜ್ಜಿಯರಿಗೆ ಇದನ್ನು ಹೇಳಬೇಕಾಗಿಲ್ಲ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು-ಮಣ್ಣು ಮುಚ್ಚುತ್ತಿದ್ದರು. 1972ರ ಬರದಲ್ಲಿ ನಮ್ಮ ಮನೆಯ ಹಗೇವು ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೊದಲು ದೀಪ ಇಳಿಬಿಟ್ಟರು. ಅದು ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು ಎಂದರ್ಥ. ಜೋಳವೇನೋ ಸಿಕ್ಕಿತು. ಆದರೆ ಒಂದು ಮಗ್ಗುಲಿಗೆ ನೀರು ಜಿನುಗಿ ನಾಲ್ಕು ಚೀಲ ಮುಗ್ಗಿಹೋಗಿತ್ತು. ಅಮ್ಮ ಅದನ್ನು ನೋಡುತ್ತಾ ಮಾತಿಲ್ಲದೆ ನಿಂತಿದ್ದಳು.

ಹಗೇವಿಗೆ ನೀರೇ ಶತ್ರು. ಪಾದೂರಿನಲ್ಲಿ ನೀರೇ ಕಾವಲುಗಾರ! ಅಲ್ಲಿ ಗಟ್ಟಿ ಬಂಡೆಯನ್ನು ಕೊರೆದು ಗುಹೆ ಮಾಡಿದ್ದಾರೆ. ಒಳಗೆ ಉಕ್ಕಿನ ಹೊದಿಕೆ ಇಲ್ಲ. ಗುಹೆಯ ಮೇಲ್ಭಾಗದ ಬಂಡೆಯಲ್ಲಿ ತೂತು ಕೊರೆದು ಸದಾ ನೀರು ತುಂಬಿಸುತ್ತಾರೆ. ಆ ನೀರಿನ ಒತ್ತಡ ಎಣ್ಣೆಗಿಂತ ಹೆಚ್ಚು. ಹಾಗಾಗಿ ಬಿರುಕುಗಳಲ್ಲಿ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ತಳಕ್ಕಿಳಿದ ನೀರನ್ನು ಪಂಪಿನಿಂದ ಎತ್ತುತ್ತಾರೆ.

ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಆಂಧ್ರದ ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುವ ಜಾಗವಿದೆ. ಸುಗ್ಗಿಯಲ್ಲಿ ಅಗ್ಗವಾದಾಗ ಜೋಳ ಕೊಳ್ಳುವಂತೆ, 2020ರಲ್ಲಿ ತೈಲದ ಬೆಲೆ ನೆಲಕಚ್ಚಿದಾಗ ಸರ್ಕಾರ ಇವನ್ನು ತುಂಬಿಸಿತು. ಉಳಿದದ್ದು ಸುಮಾರು 5,000 ಕೋಟಿ ರೂಪಾಯಿ.

"ಯಾವ ಎಣ್ಣೆಯಾದರೂ ಆಗುತ್ತದಾ ಅಜ್ಜಾ?" ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ. ಕಚ್ಚಾತೈಲದಲ್ಲೂ ಜಾತಿಗಳಿವೆ. ತೆಳುವಾದದ್ದು ಹಗುರ, ಮಂದವಾದದ್ದು ಭಾರ. ಗಂಧಕ ಕಡಿಮೆ ಇದ್ದರೆ ಸಿಹಿ, ಹೆಚ್ಚಿದ್ದರೆ ಹುಳಿ. ಹಿಂದೆ ಎಣ್ಣೆ ಹುಡುಕುವವರು ಮೂಸಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದರಂತೆ. (ನೀವು ಆ ಸಾಹಸ ಮಾಡಬೇಡಿ!) ಮುಂಬೈ ಸಮುದ್ರದಲ್ಲಿ ಸಿಗುವುದು ಹಗುರ, ಸಿಹಿ. ಇರಾಕ್, ಸೌದಿ ಕಡೆಯಿಂದ ಬರುವುದರಲ್ಲಿ ಬಹುಪಾಲು ಹುಳಿ.

ಸಿಹಿ ಎಣ್ಣೆಯಿಂದ ಪೆಟ್ರೋಲು, ಡೀಸೆಲ್ ತೆಗೆಯುವುದು ಸುಲಭ, ಆದರೆ ಬೆಲೆ ಸಾಮಾನ್ಯವಾಗಿ ಜಾಸ್ತಿ. ಹುಳಿಯಾದರೆ ಗಂಧಕ ತೆಗೆಯುವ ಯಂತ್ರ ಬೇಕು. ಭಾರವಾದರೆ ತಳದಲ್ಲಿ ಉಳಿಯುವ ಡಾಂಬರಿನಂಥ ಗಸಿಯನ್ನು ಒಡೆಯುವ ಘಟಕವೂ ಬೇಕು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಇವೆರಡೂ ಇವೆ. ಇಲ್ಲದ ಕಾರ್ಖಾನೆಗೆ ಅಂಥ ಎಣ್ಣೆ ಕೊಟ್ಟರೆ, ಹಿಟ್ಟಿನ ಗಿರಣಿಗೆ ಕಬ್ಬು ಕೊಟ್ಟಂತೆ. ಆದ್ದರಿಂದ ಗುಹೆಯಲ್ಲಿ ಎಷ್ಟಿದೆ ಎಂಬುದರ ಜೊತೆಗೆ, ಯಾವುದಿದೆ ಎಂದೂ ಕೇಳಬೇಕು.

"ಮೂರೂ ತುಂಬಿದ್ದರೆ ಎಷ್ಟು ದಿನಕ್ಕೆ ಸಾಕು?"

"ಇಡೀ ದೇಶಕ್ಕೆ ಸುಮಾರು 9.5 ದಿನ."

"ಅಷ್ಟೇನಾ! ಹತ್ತನೇ ದಿನ?"

ತೈಲ ಕಂಪನಿಗಳ ಟ್ಯಾಂಕುಗಳಲ್ಲಿ ಬೇರೆ ದಾಸ್ತಾನು ಇರುತ್ತದೆ, ಪಾದೂರಿನಲ್ಲೇ ಇನ್ನೂ 25 ಲಕ್ಷ ಟನ್ನಿಗೆ, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ನಿಗೆ ಜಾಗ ಮಾಡಲು 2021ರಲ್ಲಿ ಒಪ್ಪಿಗೆಯಾಗಿದೆ ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ರಜೆಗೆ ಬಂದಾಗ ಹಗೇವು ತೋರಿಸಬೇಕಂತೆ. ಅದನ್ನು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲುತ್ತದೆ.